ಖಾಜಾ ಮಿಯಾ ಆರಿಸಿದ ಗಿಡ್ಡ ಗಳ

ಬೀದರ–ಔರಾದ ರಸ್ತೆಯಲ್ಲಿ ಯಾವ ಸ್ಟಾಪಿನಲ್ಲಿ ನಿಂತು ಬೇಕಾದರೂ ಕೇಳಿ, ಖಾಜಾ ಮಿಯಾನ ಬಾಯಿಗೆ ಒಮ್ಮೆಯಾದರೂ ಸಿಕ್ಕದ ಮನುಷ್ಯ ಸಿಗುವುದಿಲ್ಲ. ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಜನವಾಡಾದಲ್ಲಿ ಹತ್ತಿದ ಮುದುಕಿಗೆ ಸೊಸೆಯ ಸುದ್ದಿ ಕೇಳುತ್ತಿದ್ದ. ಕೌಠಾದಲ್ಲಿ ಹತ್ತಿದ ಮಾಸ್ತರನಿಗೆ ಶಾಲೆಗೆ ತಡವಾದದ್ದಕ್ಕೆ ಬೈಯುತ್ತಿದ್ದ. ಸಂತಪುರ ಬರುವಷ್ಟರಲ್ಲಿ ಇಡೀ ಬಸ್ಸು ಅವನ ಮನೆಯ ಪಡಸಾಲೆ ಆಗಿರುತ್ತಿತ್ತು. ಸೀಟಿಗಾಗಿ ಜುಟ್ಟು ಹಿಡಿದುಕೊಂಡವರೂ ಇಳಿಯುವಾಗ ನಗುತ್ತ ಇಳಿಯುತ್ತಿದ್ದರು. ಆ ಬಾಯಿ ಮುಚ್ಚಿ ಈಗ ವರ್ಷವಾಗುತ್ತ ಬಂದಿತ್ತು.

ಗೋರಖನಾಥ ಆ ಬಸ್ಸಿನ ಡ್ರೈವರ್. ಹುಟ್ಟಿದ್ದು ಭಾತಂಬ್ರಾ, ಮನೆ ಮಾಡಿದ್ದು ಭಾಲ್ಕಿಯಲ್ಲಿ. ಮಾತು ಕಡಿಮೆ. ಡ್ರೈವರನ ಬಾಳೇ ಹಾಗಲ್ಲವೇ, ಮುಖ ರಸ್ತೆಯ ಕಡೆ, ಬೆನ್ನು ಜನರ ಕಡೆ. ಬೆನ್ನ ಹಿಂದೆ ಯಾರು ಹತ್ತಿದರು, ಯಾರು ಇಳಿದರು, ಯಾರ ಮನೆಯಲ್ಲಿ ಮದುವೆ, ಯಾರ ಎಮ್ಮೆ ಸತ್ತಿತು ಎಂಬುದೆಲ್ಲ ಅವನಿಗೆ ತಿಳಿಯುತ್ತಿದ್ದುದು ಖಾಜಾ ಮಿಯಾನ ದನಿಯಿಂದ. ಹೆಂಡತಿಯ ಮುಖವನ್ನು ನೋಡಿದಷ್ಟು ಖಾಜಾನ ಮುಖವನ್ನು ಅವನು ನೋಡಿರಲಿಕ್ಕಿಲ್ಲ. ಆದರೆ ಆ ದನಿಯನ್ನು ಕೇಳಿದಷ್ಟು ಈ ಲೋಕದಲ್ಲಿ ಇನ್ನಾವ ದನಿಯನ್ನೂ ಕೇಳಿರಲಿಲ್ಲ. ಬೆಳಿಗ್ಗೆ ಡಿಪೋದಲ್ಲಿ ಮುಖಾಮುಖಿಯಾದ ಕೂಡಲೇ ಖಾಜಾ ಮಿಯಾ "ಜೈಭೀಮ್ ಡ್ರೈವರ್ ಸಾಬ" ಎನ್ನುವುದು, ಇವನು "ಸಲಾಮ್ ಖಾಜಾಭಾಯಿ" ಎನ್ನುವುದು. ಒಬ್ಬರ ಮಾತು ಇನ್ನೊಬ್ಬರ ಬಾಯಲ್ಲಿ. ಅದನ್ನು ನೋಡಿ ಡಿಪೋದವರು ನಗುತ್ತಿದ್ದರು, ಇವರು ಕ್ಯಾರೇ ಅನ್ನುತ್ತಿರಲಿಲ್ಲ.

ಇವರಿಬ್ಬರಿಗೂ ಮೀನಿನ ಹುಚ್ಚು ಹತ್ತಿದ್ದು ಔರಾದದ ನೈಟ್ ಹಾಲ್ಟಿನಲ್ಲಿ. ರಾತ್ರಿ ಬಸ್ಸು ಅಲ್ಲೇ ನಿಲ್ಲುತ್ತಿತ್ತು, ಬೆಳಗಿನ ಟ್ರಿಪ್ಪಿಗೆ ಇನ್ನೂ ಹೊತ್ತಿರುತ್ತಿತ್ತು. ಊರ ಹೊರಗಿನ ಕೆರೆಯಲ್ಲಿ ರಹು, ಕಟ್ಲಾ ಅಂತ ಗೆಂಡೆ ಜಾತಿಯ ಮೀನು ಬೇಕಾದಷ್ಟು. ಮೊದಲ ಸಲ ಗೋರಖನಾಥ ಗಾಳಕ್ಕೆಂದು ತಾನೇ ಒಂದು ಬಿದಿರು ಕಡಿದುಕೊಂಡು ಬಂದು, ಅದು ಭಾರವಾಗಿ, ತುದಿ ನೀರಿಗೆ ಬಿದ್ದು, ಗಳ ಸರಿ ಇಲ್ಲ ಎಂದು ಗೊಣಗಿದ. ಖಾಜಾ ಮಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಕುಣಿಲಾಕ ಬರದಾಕಿ ನೆಲ ಡೊಂಕ ಅಂದಳಂತ. ಗಳದ್ದೇನ ತಪ್ಪದನೋ? ನಿನ್ನ ರಟ್ಟಿಗಿ ಎಷ್ಟ ಬೇಕಂತ ನಿಂಗ ತಿಳಿವಲ್ದು. ತನ್ನ ಬೆನ್ನ ತನಗ ಕಾಣಂಗಿಲ್ಲ ಡ್ರೈವರ್ ಸಾಬ. ನಿನ್ನ ಗಳ ನಾ ಆರಿಸ್ತೇನಿ, ನನ್ನದು ನೀ ಆರಸು."

ಅಂದಿನಿಂದ ಅದೇ ಕಟ್ಟಳೆ ಆಯಿತು. ಗೋರಖನಾಥನ ಗಾಳದ ಗಳವನ್ನು ಖಾಜಾ ಮಿಯಾ ಆರಿಸಬೇಕು, ಖಾಜಾ ಮಿಯಾನದನ್ನು ಗೋರಖನಾಥ ಆರಿಸಬೇಕು. ಆರಿಸಿದ ಮೇಲೆ ಒಬ್ಬರ ಗಳಕ್ಕೆ ಇನ್ನೊಬ್ಬರು ಕೈ ಹಚ್ಚುವ ಹಾಗಿಲ್ಲ. ಹಚ್ಚಿದರೆ ಯಾರ ಹೆಸರಿಗೆ ಬರಬೇಕು ಅಂತ ಮೀನಿಗೆ ಗೊಂದಲ ಆಗುತ್ತದೆ ಎಂದು ಖಾಜಾ ಮಿಯಾ ಸುಳ್ಳೇ ಗಂಭೀರ ಮುಖ ಮಾಡಿ ಹೇಳುತ್ತಿದ್ದ. ತಮಾಷೆಗೆ ಹುಟ್ಟಿದ ಮಾತು. ಇಬ್ಬರೂ ನಿವೃತ್ತರಾಗಿ, ರಜೆಯ ಹಂಗಿಲ್ಲದೆ ಕೆರೆಯ ದಂಡೆಯಲ್ಲೇ ಠಿಕಾಣಿ ಹಾಕುವ ಹೊತ್ತಿಗೆ ಅದು ಮುರಿಯಲಾರದ ಕರಾರು ಆಗಿಬಿಟ್ಟಿತ್ತು. ಬಂದ ಮೀನು ಇಬ್ಬರ ಮನೆಗೂ ಹೋಗುತ್ತಿತ್ತು. ಮೀನಿಗೆ ಹಲಾಲಿನ ಪ್ರಶ್ನೆ ಇಲ್ಲದ್ದರಿಂದ ಗೋರಖನಾಥನ ಹೆಂಡತಿ ಸುಭದ್ರಾಬಾಯಿ ಮಾಡಿದ ಸಾರು ಡಬ್ಬಿಯಲ್ಲಿ ಕೂತು ಬೀದರದ ಖಾಜಾನ ಮನೆಗೆ ಬರುತ್ತಿತ್ತು, ಅದೇ ಡಬ್ಬಿಯಲ್ಲಿ ಖಾಜಾನ ಹೆಂಡತಿ ಹಮೀದುನ್ನಿಸಾ ಹುರಿದ ಮೀನು ಭಾಲ್ಕಿಗೆ ಹೋಗುತ್ತಿತ್ತು.

ಆಮೇಲೆ ಖಾಜಾ ಮಿಯಾನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಕಾಲು ಎಳೆದುಕೊಂಡು ನಡೆಯುವಷ್ಟು ಉಳಿಯಿತು. ಹೇಳಿದ್ದೆಲ್ಲ ತಿಳಿಯುತ್ತದೆ, ತಿರುಗಿ ಹೇಳಲಿಕ್ಕೆ ಒಂದು ಅಕ್ಷರ ಬರುವುದಿಲ್ಲ. ದೇವರಿಗೆ ಏನಾದರೂ ಕಸಿದುಕೊಳ್ಳಲೇಬೇಕಿದ್ದರೆ ಆ ಮನುಷ್ಯನಿಂದ ಬೇರೆ ಏನನ್ನಾದರೂ ಕಸಿದುಕೊಳ್ಳಬಹುದಿತ್ತು.

ಗೋರಖನಾಥ ವಾರಕ್ಕೊಮ್ಮೆ ಭಾಲ್ಕಿಯಿಂದ ರೈಲು ಹತ್ತಿ ಬೀದರಕ್ಕೆ ಬರುತ್ತಿದ್ದ. ಹೊಸ್ತಿಲ ಮೇಲೆ ನಿಂತು "ಸಲಾಮ್ ಖಾಜಾಭಾಯಿ" ಎನ್ನುತ್ತಿದ್ದ, ಅಂದವನೇ ಉತ್ತರಕ್ಕೆ ಕಾಯುತ್ತ ನಿಂತುಕೊಳ್ಳುತ್ತಿದ್ದ. ಒಳಗಿನಿಂದ "ಜೈಭೀಮ್" ಬರುತ್ತಿರಲಿಲ್ಲ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದ. ಮಾತಾಡಿ ರೂಢಿ ಇಲ್ಲದ ಅವನು, ಮಾತಾಡಲಾರದ ಇವನು. ಇಬ್ಬರೂ ಚಹಾ ಆರುವವರೆಗೆ ಕೂತಿದ್ದು ಏಳುತ್ತಿದ್ದರು.

ಒಂದು ದಿನ ಹಮೀದುನ್ನಿಸಾ ಅವನನ್ನು ಬಾಗಿಲ ತನಕ ಕಳಿಸಲು ಬಂದವಳು ಅಲ್ಲೇ ನಿಲ್ಲಿಸಿದಳು.

"ಭಾಯಿಸಾಬ, ಇವರು ಎಲ್ಲಿಗೂ ಹೊರಗ ಬರವಲ್ರು. ಗ್ವಾಡಿ ಕಡಿ ಮಾರಿ ಮಾಡಿ ಮಲಗ್ತಾರ. ಮಾತ ಕಲಸೂ ಡಾಕ್ಟರಮ್ಮ ಅಂದ್ರು, ದಿನಾ ಆಡಿ ಆಡಿ ನಾಲಿಗಿಗಿ ಬಿದ್ದ ಮಾತ ಇರ್ತಾವಲ, ಅವೇ ಮೊದಲ ತಿರುಗಿ ಬರ್ತಾವಂತ. ಮನಸ್ಸಿಗಿ ಖುಷಿ ಇರೂ ಜಾಗಕ್ಕ ಕರ್ಕೊಂಡ ಹೋಗ್ರಿ ಅಂದ್ರು. ವರ್ಷ ದಾಟಿದ ಮ್ಯಾಲ ಕಷ್ಟ ಅಂತನೂ ಅಂದ್ರು."

"ಅಂದ್ರ ಕೆರಿಗಿ ಕರ್ಕೊಂಡ ಹೋಗ್ತೇನಿ ಭಾಬಿ."

"ಅದನ್ನೇ ಹೇಳ್ಲಾಕ ಬಂದೀನ್ರಿ. ಮೊನ್ನಿ ತಾವೇ ಎದ್ದು, ಗ್ವಾಡಿಗಿ ತೂಗ ಹಾಕಿದ ಗಳ ಎಡಗೈಲೆ ಇಳಸ್ಲಾಕ ಹೋದ್ರು. ಅಷ್ಟ ಉದ್ದಂದು, ಒಂದ ಕೈಯಾಗ ಹ್ಯಾಂಗ ನಿಲ್ಲಬೇಕ್ರಿ? ಬಿತ್ತು. ಕೊಡ ಒಡೀತು. ನಾ ಏನೂ ಅನ್ನಲಿಲ್ಲ. ಅವರು ಮಾತ್ರ ಅಲ್ಲೇ ನೀರಾಗ ಕೂತು ಅತ್ತರು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಗಿಡ್ಡಂದು ಒಂದು ಗಳ ಸಿಗ್ತದೇನ್ ನೋಡ್ರಿ. ಆದ್ರ ನಿನಗಾಗಿ ತಂದೀನಿ ಅಂತ ಮಾತ್ರ ಅನಬ್ಯಾಡ್ರಿ. ಮುಟ್ಟೂದಿಲ್ಲ ಅವರು."

ಮುಟ್ಟುವುದಿಲ್ಲ, ಅದು ಗೋರಖನಾಥನಿಗೂ ಗೊತ್ತು. ಗಿಡ್ಡ ಗಳ ಹಿಡಿದು ದಂಡೆಗೇ ಕೂರುವವರನ್ನು ಖಾಜಾ ಮಿಯಾ ಎಷ್ಟು ಗೇಲಿ ಮಾಡಿದ್ದನೋ ಲೆಕ್ಕವಿಲ್ಲ. ಕಟ್ಟಳೆಯ ಪ್ರಕಾರ ಗೆಳೆಯನ ಗಳ ಆರಿಸುವ ಹಕ್ಕು ತನ್ನದೇ. ಆದರೆ ಗಿಡ್ಡ ಗಳ ಆರಿಸಿ ಕೈಗೆ ಕೊಡುವುದೆಂದರೆ ನಿನ್ನ ಕೈಯಿಂದ ಇನ್ನು ಆಗುವುದಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ರೈಲಿನಲ್ಲಿ ಭಾಲ್ಕಿ ಮುಟ್ಟುವ ತನಕ ಯೋಚಿಸಿ ಅವನು ಒಂದು ಸುಳ್ಳು ಹೊಸೆದ. ಭುಜ ಹಿಡಿದಿದೆ, ಉದ್ದ ಗಳ ಎತ್ತಲು ಆಗುತ್ತಿಲ್ಲ, ನನಗೊಂದು ಗಿಡ್ಡದು ಆರಿಸಿಕೊಡು ಎಂದು ಖಾಜಾನನ್ನೇ ಅಂಗಡಿಗೆ ಕರೆದುಕೊಂಡು ಹೋಗುವುದು. ಕೆರೆಗೆ ಹೋದ ಮೇಲೆ ಹೇಗಾದರೂ ಮಾಡಿ ಅದನ್ನು ಅವನ ಕೈಗೆ ದಾಟಿಸುವುದು. ಮೀನು ಗಾಳ ಎಳೆದ ಕೂಡಲೇ ಖಾಜಾ ಮಿಯಾ ಊರು ಕೇಳುವ ಹಾಗೆ ಕೂಗುತ್ತಿದ್ದ. ಆ ಕೂಗು ನಾಲಿಗೆಗೆ ಬಿದ್ದದ್ದಲ್ಲದೆ ಮತ್ತೇನು? ಅದೇ ಮೊದಲು ಬರುತ್ತದೆ. ಬಂದೇ ಬರುತ್ತದೆ.

ಸುಭದ್ರಾಬಾಯಿ ಎಲ್ಲ ಕೇಳಿ, ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

"ನಿಮಗ ಸುಳ್ಳ ಹೇಳ್ಲಾಕ ಎಲ್ಲಿ ಬರ್ತದ್ರಿ? ಮೊದಲ ನನ್ನ ಮುಂದ ಹೇಳಿ ನೋಡ್ರಿ."

ಗೋರಖನಾಥ ಬಲಭುಜ ಹಿಡಿದುಕೊಂಡು "ಅಯ್ಯೋ" ಎಂದ.

"ಮೊದಲ ಅಯ್ಯೋ ಅಂದು ಆಮ್ಯಾಲ ಮಾರಿ ಕಿವಚಿದ್ರಿ. ನೋವ ಇದ್ದವರು ಹಂಗ ಮಾಡ್ತಾರೇನು?" ಅವಳು ನಕ್ಕಳು. ಆಮೇಲೆ ನಗು ಬಿಟ್ಟು ಹೇಳಿದಳು, "ಅಣ್ಣಾವ್ರಿಗಿ ಮಾತ ಬರದಿದ್ರೂ ನೀವ ಬ್ಯಾಸರಾ ಮಾಡ್ಕೋಬ್ಯಾಡ್ರಿ. ಜೀವ ಉಳದಾದ, ಅದೇ ದೊಡ್ಡದು."

ಗೋರಖನಾಥ ರೊಟ್ಟಿಯ ತಾಟು ಮುಂದಕ್ಕೆ ಎಳೆದುಕೊಂಡ. ಮಾತು ಬರದಿರುವ ಪ್ರಶ್ನೆಯೇ ಅವನ ಲೆಕ್ಕದಲ್ಲಿರಲಿಲ್ಲ.

ಬಲೆ, ಹಗ್ಗ, ಗಾಳ ಮಾರುವ ಅಬ್ದುಲ ಸಮದನ ಅಂಗಡಿ ಬೀದರದ ಚೌಬಾರಾದ ಹತ್ತಿರದ ಒಂದು ಗಲ್ಲಿಯಲ್ಲಿ. ಗೆಳೆಯನ ಭುಜ ನೋಯುತ್ತದೆ ಎಂದು ಕೇಳಿದ ಕೂಡಲೇ ಗೋಡೆ ಕಡೆ ಮಲಗಿದ್ದ ಖಾಜಾ ಮಿಯಾ ಎದ್ದು ಕೂತಿದ್ದ, ಹೆಂಡತಿಗೆ ಸನ್ನೆ ಮಾಡಿ ಶರ್ಟು ತರಿಸಿಕೊಂಡಿದ್ದ. ತಿಂಗಳುಗಟ್ಟಲೆ ಡಾಕ್ಟರಮ್ಮನ ಮಾತಿಗೆ ಹೊರಡದ ಮನುಷ್ಯ ಇವನ ಭುಜದ ಮಾತಿಗೆ ಹೊರಟುಬಂದ. ಅದನ್ನು ನೋಡಿಯೇ ಗೋರಖನಾಥನಿಗೆ ಒಳಗೊಳಗೆ ಚುಚ್ಚತೊಡಗಿತ್ತು.

ಅಂಗಡಿಯಲ್ಲಿ ಖಾಜಾ ಮಿಯಾ ಅವನನ್ನು ಬೆಳಕಿಗೆ ನಿಲ್ಲಿಸಿದ. ಸಮದ ಒಂದೊಂದೇ ಫೈಬರ್ ಗಳ ತೆಗೆದುಕೊಟ್ಟ. ಖಾಜಾ ಅದನ್ನು ಎಡಗೈಯಿಂದ ಗೋರಖನಾಥನ ಕೈಗಿಟ್ಟು, ಚಾಚಲು ಸನ್ನೆ ಮಾಡಿ, ಹಿಂದೆ ಹೋಗಿ ಭುಜ ಎಷ್ಟು ಏಳುತ್ತದೆ ಎಂದು ನೋಡಿದ. ತಲೆ ಅಲ್ಲಾಡಿಸಿದ. ಇನ್ನೊಂದು. ಮತ್ತೊಂದು. ತುದಿಯನ್ನು ನೆಲಕ್ಕೆ ಒತ್ತಿ ಬಾಗಿಸಿ ನೋಡಿದ, ಹಿಡಿಯನ್ನು ಮೂಸಿ ನೋಡಿದ. ಹಾಗೆ ಮೂಸುವುದು ಅವನ ಹಳೆಯ ಚಟ, ಅದರಿಂದ ಏನು ತಿಳಿಯುತ್ತಿತ್ತೋ ಅವನಿಗೇ ಗೊತ್ತು. ನಡುನಡುವೆ ಹೆಬ್ಬೆರಳಿನಿಂದ ಗೋರಖನಾಥನ ಭುಜದ ಕೀಲನ್ನು ಮೆಲ್ಲಗೆ ಒತ್ತುತ್ತಿದ್ದ, ಇಲ್ಲೇನು, ಇಲ್ಲೇನು ಎಂದು ಕಣ್ಣಿನಲ್ಲೇ ಕೇಳುತ್ತಿದ್ದ. ಗೋರಖನಾಥ ಹೆಂಡತಿ ಹೇಳಿಕೊಟ್ಟ ಹಾಗೆ ಮೊದಲು ಮುಖ ಕಿವುಚಿದ, ಆಮೇಲೆ "ಅಯ್ಯೋ" ಎಂದ. ಖಾಜಾ ಮಿಯಾನ ಕಣ್ಣಲ್ಲಿ ನೀರು ಬಂತು. ತನ್ನ ಕೈ ಸತ್ತುಹೋದದ್ದು ಸಾಲದೆ ಗೆಳೆಯನ ಕೈಯೂ ಹೊರಟಿತಲ್ಲ ಎಂಬ ಸಂಕಟ ಅದು. ಅವನು ಭುಜವನ್ನು ನೀವತೊಡಗಿದ. ನೀವುತ್ತಲೇ ಇದ್ದ. ಸುಳ್ಳಿಗೆ ಎಂಥ ಶಿಕ್ಷೆಯಪ್ಪಾ ಅದು. ಗೋರಖನಾಥನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

ಕೊನೆಗೆ ಒಂದು ಗಳ ಒಪ್ಪಿಗೆಯಾಯಿತು. ಹಗುರ, ಗಿಡ್ಡ, ತುದಿ ಮಾತ್ರ ಚುರುಕು. ಅಬ್ದುಲ ಸಮದ ಅದನ್ನು ಒರೆಸುತ್ತ ಹೇಳಿದ.

"ಚಲೋದು ಆರಿಸೀರಿ ಖಾಜಾಭಾಯಿ. ಆದ್ರ ಇದರಲೆ ನಡುಕೆರಿ ಮೀನ ಸಿಗಂಗಿಲ್ಲ. ಮೀನೇ ದಂಡಿಗಿ ಬರಬೇಕು. ಗೆಂಡಿ ಭಾಳ ಅಂಜುಬುರಕ ಮೀನ್ರಿ, ಪಿಟಕ್ ಅಂದ್ರೂ ಬರಂಗಿಲ್ಲ. ಮಾತಿಲ್ದ ಕೂಡಬೇಕು." ಅಂದವನೇ ನಾಲಿಗೆ ಕಚ್ಚಿಕೊಂಡ. ಎದುರಿಗೆ ನಿಂತವನು ಯಾರು ಎಂದು ಆಮೇಲೆ ನೆನಪಾಯಿತು. ತಪ್ಪು ಮುಚ್ಚಲು ಕೇಳಿದ, "ನಿಮಗೂ ಒಂದು ತೋರಿಸ್ಲೇನ್ರಿ?"

ಖಾಜಾ ಮಿಯಾ ಬೇಡವೆಂದು ತಲೆ ಅಲ್ಲಾಡಿಸಿದ. ತನ್ನದು ಮನೆಯಲ್ಲಿದೆ ಎಂದು ಕೈ ಎತ್ತಿ ತೋರಿಸಿದ.

ಮರುದಿನ ಬೆಳಿಗ್ಗೆ ಇಬ್ಬರೂ ಔರಾದ ಬಸ್ಸು ಹತ್ತಿದರು. ಖಾಜಾ ಮಿಯಾನ ಉದ್ದ ಬಿದಿರಿನ ಗಳವೂ ಬಂತು, ಬಿಟ್ಟು ಬರಲು ಅವನು ಒಪ್ಪಲಿಲ್ಲ. ಅದನ್ನು ಸೀಟುಗಳ ಕೆಳಗೆ ಮಲಗಿಸಿದರು. ಕಂಡಕ್ಟರ್ ಒಬ್ಬ ಹೆಣ್ಣುಮಗಳು, ಚುರುಕಿನವಳು. ಟಿಕೀಟು ಕೊಡುವಾಗ "ಹುಷಾರಾಗಿ ಕೂಡ್ರಿ ಕಾಕಾ" ಎಂದು ಖಾಜಾನ ಸೋತ ಕೈಯನ್ನು ಎತ್ತಿ ಅವನ ತೊಡೆಯ ಮೇಲಿಟ್ಟು ಹೋದಳು. ಆ ಬಸ್ಸಿನಲ್ಲಿ ಅವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

ಗೋರಖನಾಥನ ಕಣ್ಣು ರಸ್ತೆಯ ಮೇಲಿರಲಿಲ್ಲ, ಗೆಳೆಯನ ತುಟಿಯ ಮೇಲಿತ್ತು. ಸ್ಟಾಪುಗಳ ಹೆಸರಿಗಿಂತ ಹೆಚ್ಚಾಗಿ ಈ ನಾಲಿಗೆ ಆಡಿದ ಮಾತು ಬೇರೆ ಯಾವುದಿದೆ? ಜನವಾಡಾ ಬಂತು. ಏನೂ ಇಲ್ಲ. ಕೌಠಾ ಬಂತು. ಖಾಜಾ ಮಿಯಾ ಕಿಟಕಿಯ ಹೊರಗೆ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡ. ಸಂತಪುರದ ಮೊದಲ ಮನೆಗಳು ಕಂಡದ್ದೇ ತಡ, ಸೀಟಿನ ಕಂಬಿ ಹಿಡಿದು ಎದ್ದು ನಿಂತ. ಎಷ್ಟು ವರ್ಷದ ರೂಢಿ ಅದು, ಅಲ್ಲಿ ಏಳಲೇಬೇಕು. ಬಾಯಿ ತೆರೆಯಿತು. ಕುತ್ತಿಗೆಯ ನರ ಉಬ್ಬಿತು. ಬಾ ಮಿಯಾ, ಬಾ, ಹೇಳು ಎಂದು ಗೋರಖನಾಥ ಮನಸ್ಸಿನಲ್ಲೇ ದಮ್ಮಯ್ಯ ಹಾಕಿದ. ಬಂದದ್ದು ಬರೀ ಗಾಳಿ.

"ಸಂತಪುರ ಇಳಿಯೋರು ಬರ್ರಿ" ಎಂದು ಹಿಂದಿನಿಂದ ಆ ಹೆಣ್ಣುಮಗಳು ಕೂಗಿದಳು.

ಖಾಜಾ ಮಿಯಾ ಕೂತುಕೊಂಡ. ಆಮೇಲೆ ಔರಾದ ಬರುವವರೆಗೆ ತನ್ನ ಪಾದಗಳನ್ನೇ ನೋಡುತ್ತಿದ್ದ. ಹೋಗಲಿ, ಕೆರೆ ಇದೆಯಲ್ಲ, ಮೀನು ಇದೆಯಲ್ಲ ಎಂದು ಗೋರಖನಾಥ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಕೆರೆಯಲ್ಲಿ ನೀರು ತುಂಬಿತ್ತು. ಹಳೆಯ ಜಾಲಿಮರದ ಬುಡದಲ್ಲಿ, ತಾವು ಸದಾ ಕೂರುತ್ತಿದ್ದ ಜಾಗದಲ್ಲೇ ಕೂತರು. ಗೋರಖನಾಥ ಶೇಂಗಾ ಹಿಂಡಿಗೆ ಅಜವಾನ ಕಲಸಿ ಉಂಡೆ ಮಾಡಿ ಇಬ್ಬರ ಗಾಳಕ್ಕೂ ಸಿಕ್ಕಿಸಿದ. ಖಾಜಾ ಮಿಯಾ ಉದ್ದ ಗಳವನ್ನು ಎಡಗೈಯಿಂದ ಎತ್ತಿದ. ತುದಿ ನೀರಿಗೆ ಬಿತ್ತು. ಬುಡವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎತ್ತಿದ, ಮತ್ತೆ ಬಿತ್ತು. ಮೊಣಕಾಲಿನ ಮೇಲಿಟ್ಟು ಎತ್ತಿದಾಗ ಗಳ ಜಾರಿ ಅವನೇ ವಾಲಿದ. ಪ್ರತಿಸಲ ನೀರು ಚಪ್ಪಳಿಸಿದಾಗಲೂ ಅವನು ಗೆಳೆಯನ ಕಡೆ ನೋಡದೆ ಮತ್ತೆ ಎತ್ತುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರಲ್ಲ, ಆ ಹಟವನ್ನು ಲಕ್ವಾ ಕೂಡ ಮುಟ್ಟಿರಲಿಲ್ಲ.

"ಖಾಜಾಭಾಯಿ, ಇದು ನನಗ ಯಾಕೋ ಒಗ್ಗವಲ್ದು," ಎಂದು ಗೋರಖನಾಥ ಗಿಡ್ಡ ಗಳವನ್ನು ಚಾಚಿದ. "ನೀ ಹಿಡಿ. ನಿಂದು ಇಲ್ಲಿ ಕೊಡು."

ಖಾಜಾ ಮಿಯಾ ಅದನ್ನು ತಿರುಗಿ ತಳ್ಳಿದ. ಒಬ್ಬರ ಗಳ ಇನ್ನೊಬ್ಬರು ಮುಟ್ಟುವಂತಿಲ್ಲವಲ್ಲ. ಅಷ್ಟೇ ಅಲ್ಲ, ಕೈ ಚಾಚಿ ಗೋರಖನಾಥನ ಭುಜವನ್ನು ಮುಟ್ಟಿ, ನಿನಗೆ ನೋವಿದೆ, ಉದ್ದದ್ದು ನೀನು ಎತ್ತಬಾರದು ಎಂದು ಬೆರಳಾಡಿಸಿ ಗದರಿಸಿದ. ಎರಡನೇ ಸಲ ಕೊಟ್ಟಾಗಲೂ ಅದೇ. ಮೂರನೇ ಸಲ ಕೊಟ್ಟಾಗ ಮತ್ತೆ ಭುಜ ನೀವಲು ಬಂದ.

ಗೋರಖನಾಥನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ. ಆ ಉದ್ದ ಬಿದಿರನ್ನು ತೆಗೆದುಕೊಂಡು ಒಂದೇ ಕೈಯಲ್ಲಿ, ನೋಯುತ್ತದೆಂದ ಅದೇ ಕೈಯಲ್ಲಿ, ತಲೆಯ ಮೇಲೆ ಎತ್ತಿ ತೋರಿಸಿದ.

"ನನ್ನ ಭುಜಕ್ಕ ಏನೂ ಆಗಿಲ್ಲೋ ಮಿಯಾ. ಸುಳ್ಳ ಹೇಳೀನಿ. ಈ ಗಳ ನಿನಗಂತೇ ತರಿಸೀನಿ."

ಖಾಜಾ ಮಿಯಾ ಮೇಲೆ ನೋಡಿದ. ಎತ್ತಿದ ಕೈಯನ್ನು ನೋಡಿದ, ಗಿಡ್ಡ ಗಳವನ್ನು ನೋಡಿದ. ಅಂಗಡಿಯಲ್ಲಿ ತಾನು ಒತ್ತಿ ಒತ್ತಿ ನೋವು ಹುಡುಕಿದ್ದು ಅವನಿಗೆ ನೆನಪಾಗಿರಬೇಕು. ಮುಖದ ಬದುಕಿದ್ದ ಅರ್ಧ ಕೆಂಪಗಾಯಿತು. ಎಡಗೈ ಮೇಲಕ್ಕೆದ್ದಿತು. ಹೊಡೆಯುತ್ತಾನೆ ಎಂದುಕೊಂಡ ಗೋರಖನಾಥ, ಹೊಡೆಯಲಿ ಎಂದು ಅವನ ಮುಂದೆ ಮಂಡಿಯೂರಿ ಕೂತ.

"ಹೊಡಿ. ಇಲ್ಲಾಂದ್ರ ಬೈ. ಮೊದಲ ಬೈತಿದ್ದೆಲ್ಲ, ಬಸ್ಸ ಗುಂಡಿಗಿ ಹಾಕಿದ್ರ ನನ್ನ ಏಳೇಳ ತಲಿ ಜಾಲಾಡ್ತಿದ್ದೆಲ್ಲ. ಒಂದ ಬೈಗಳ ಬೈಯೋ ಖಾಜಾ. ಒಂದೇ ಒಂದು. ನಾ ನಿನ್ನ ಕಾಲ ಬೀಳ್ತೇನಿ."

ಕೈ ಕೆಳಗಿಳಿಯಿತು. ಖಾಜಾ ಮಿಯಾ ಅವನಿಗೆ ಬೆನ್ನು ಹಾಕಿ ನೀರಿನ ಕಡೆ ತಿರುಗಿ ಕೂತ. ಜೀವಮಾನವೆಲ್ಲ ಗೋರಖನಾಥ ಆ ಮನುಷ್ಯನಿಗೆ ಬೆನ್ನು ಹಾಕಿ ಕೂತಿದ್ದ. ಆದರೆ ಬೆನ್ನ ಹಿಂದಿನಿಂದ ದನಿ ಬರುತ್ತಿತ್ತು. ಈ ಬೆನ್ನಿನಿಂದ ಏನೂ ಬರಲಿಲ್ಲ. ಮಾಡಬಾರದ್ದನ್ನು ಮಾಡಿದೆ, ಇದ್ದ ಸ್ವಲ್ಪವನ್ನೂ ಕಳೆದುಕೊಂಡೆ ಎಂದು ಅವನು ತಲೆ ಮೇಲೆ ಕೈಹೊತ್ತು ಕೂತ.

ಬಿಸಿಲು ಜಾಲಿಯ ನೆರಳಿನೊಳಗೆ ಬರತೊಡಗಿದಾಗ, ತಿರುಗದೆಯೇ, ಖಾಜಾ ಮಿಯಾ ಎಡಗೈಯನ್ನು ಹಿಂದಕ್ಕೆ ಚಾಚಿದ. ಅಂಗೈ ತೆರೆದಿತ್ತು. ಏನು ಕೇಳುತ್ತಿದ್ದಾನೆ ಎಂದು ತಿಳಿಯಲು ಗೋರಖನಾಥನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಗಿಡ್ಡ ಗಳದ ಹಿಡಿಯನ್ನು ಆ ಅಂಗೈಯಲ್ಲಿಟ್ಟ. ಖಾಜಾ ಅದನ್ನು ಹಗುರವಾಗಿ ಎತ್ತಿ, ಗಾಳವನ್ನು ದಂಡೆಯ ಜೊಂಡಿನ ಪಕ್ಕದಲ್ಲೇ ಇಳಿಬಿಟ್ಟ. ತುದಿ ನೀರಿಗೆ ಬೀಳಲಿಲ್ಲ. ಗೋರಖನಾಥ ಮೆಲ್ಲಗೆ ಸರಿದು ಅವನ ಪಕ್ಕದಲ್ಲಿ ಕೂತ.

ಮೊದಲೆಲ್ಲ ಇದೇ ಜಾಗದಲ್ಲಿ ಖಾಜಾನ ಮಾತು, ನಗು, ಕೂಗಿಗೆ ದಂಡೆಯ ಹತ್ತಿರ ಒಂದು ಮೀನೂ ಸುಳಿಯುತ್ತಿರಲಿಲ್ಲ. ಅದಕ್ಕೇ ನಡುಕೆರೆಗೆ ಮುಟ್ಟುವ ಗಳ ಬೇಕಾಗುತ್ತಿತ್ತು. ಈಗ ಗೋರಖನಾಥ ನೋಡುತ್ತಿದ್ದಂತೆ ಜೊಂಡಿನ ಬುಡದಲ್ಲಿ ಗುಳ್ಳೆ ಎದ್ದವು. ಒಂದು ಕಪ್ಪು ಬೆನ್ನು ನೀರೊಳಗೆ ಹಾದು ಹೋಯಿತು. ಆಮೇಲೆ ಇನ್ನೊಂದು. ಗೆಂಡೆಗಳು ಅವರ ಕಾಲ ಬುಡದಲ್ಲೇ, ಕೈ ಹಾಕಿದರೆ ಸಿಗುವಷ್ಟು ಹತ್ತಿರ, ಕೆಸರು ಮುಕ್ಕುತ್ತ ತಿರುಗಾಡುತ್ತಿದ್ದವು. ಇಷ್ಟು ವರ್ಷದಲ್ಲಿ ಅವನು ಅವುಗಳನ್ನು ಹೀಗೆ ನೋಡಿದ್ದೇ ಇಲ್ಲ. ಇದನ್ನು ನೋಡಿ ಹಿಗ್ಗಬೇಕಾದ ಮನಸ್ಸು ಯಾಕೋ ಹೆದರಿತು.

ನೀರಿನ ಮೇಲೆ ತೇಲುತ್ತಿದ್ದ ಗಾಳದ ಬೆಂಡು ಒಮ್ಮೆ ನಡುಗಿ ಮುಳುಗಿತು. ಖಾಜಾ ಮಿಯಾ ಗಳವನ್ನು ಎಳೆದು ಹಿಡಿದ. ಗಿಡ್ಡ ಗಳ ಬಿಲ್ಲಿನಂತೆ ಬಾಗಿತು, ಆದರೆ ಒಂದು ಕೈ ಅದನ್ನು ತಡೆದು ನಿಲ್ಲಿಸಿತು. ಮೀನು ಜೊಂಡಿನ ಕಡೆ ಎಳೆಯಿತು, ಅವನು ಸ್ವಲ್ಪ ಸಡಿಲ ಬಿಟ್ಟು ಎಳೆದ. ಆಳಕ್ಕೆ ಎಳೆಯಿತು, ಬುಡವನ್ನು ಹೊಟ್ಟೆಗೆ ಒತ್ತಿಕೊಂಡು ಮತ್ತೆ ಎಳೆದ. ಗೋರಖನಾಥ ನೀರಿಗಿಳಿದ. ಅವನ ಕೈ ಮೀನಿನ ಕಡೆ ಹೋಗುತ್ತಿತ್ತು, ಕಣ್ಣು ಮಾತ್ರ ಖಾಜಾನ ಬಾಯಿ ಬಿಡಲಿಲ್ಲ. ಈಗ, ಈಗ ಬರುತ್ತದೆ. ಮೀನಿನ ಬೆಳ್ಳಿ ಹೊಟ್ಟೆ ಮೇಲೆ ಕಂಡಿತು. ಅದನ್ನು ಟವೆಲ್ಲಿನಲ್ಲಿ ಅಪ್ಪಿ ಹಿಡಿದು ದಂಡೆಗೆ ತಂದು ಖಾಜಾನ ತೊಡೆಯ ಮೇಲಿಟ್ಟ. ತುಂಬಿದ ರಹು, ಇನ್ನೂ ಬಾಲ ಬಡಿಯುತ್ತಿತ್ತು.

ಖಾಜಾ ಮಿಯಾನ ತುಟಿ ಅಲುಗಲಿಲ್ಲ. ಅವನು ಪ್ರಯತ್ನವನ್ನೂ ಮಾಡಲಿಲ್ಲ. ಬಸ್ಸಿನಲ್ಲಿ ಉಬ್ಬಿದ್ದ ಕುತ್ತಿಗೆಯ ನರ ಈಗ ಸುಮ್ಮನಿತ್ತು. ಮೀನಿನ ಬೆನ್ನಿನ ಮೇಲೆ ಕೈಯಾಡಿಸುತ್ತ ಮುಖದ ಒಂದೇ ಕಡೆಯಿಂದ ನಗುತ್ತಿದ್ದ, ವರ್ಷದಿಂದ ನಗದವನು ಕಣ್ಣು ತುಂಬ ನಗುತ್ತಿದ್ದ. ಅವನಿಗೆ ಇಷ್ಟು ಸಾಕಾಗಿತ್ತು. ಮಾತನ್ನು ಅವನು ಆ ಬಸ್ಸಿನಲ್ಲೇ ಬಿಟ್ಟುಬಂದಿದ್ದ. ಬಿಡದೆ ಹಿಡಿದುಕೊಂಡು ಕೂತವನು ಗೋರಖನಾಥ ಒಬ್ಬನೇ.

ಆ ದನಿ ಇನ್ನು ಬರುವುದಿಲ್ಲ. ಕಷ್ಟ ಎಂದು ಡಾಕ್ಟರಮ್ಮ ಹೇಳಿದ್ದರೂ ನಂಬದ, ಹೆಂಡತಿ ಹೇಳಿದರೂ ಕಿವಿಗೆ ಹಾಕಿಕೊಳ್ಳದ ಗೋರಖನಾಥ, ಒದ್ದೆ ಪೈಜಾಮದಲ್ಲಿ ಕೆಸರಿನಲ್ಲಿ ಕೂತು, ಗೆಳೆಯನ ನಗು ನೋಡಿ ನಂಬಿದ. ಅವನ ಬಾಯಿಂದ ಒಂದು ಕೂಗು ಹೊರಬಿತ್ತು. ದೊಡ್ಡ ದನಿ ತೆಗೆದು ಅತ್ತುಬಿಟ್ಟ, ತಾಯಿ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಖಾಜಾ ಮಿಯಾ ಬೆಚ್ಚಿ ಅವನತ್ತ ತಿರುಗಿದ. ಮೀನಿನ ಲೋಳೆ ಹತ್ತಿದ ಕೈಯನ್ನು ಚಾಚಿ ಗೋರಖನಾಥನ ಬಾಯಿಯನ್ನು ಮುಚ್ಚಿದ. ಮುಚ್ಚಿ, ಗದ್ದದಿಂದ ನೀರಿನ ಕಡೆ ತೋರಿಸಿದ. ಜೊಂಡಿನ ಬುಡದಲ್ಲಿ ಗುಳ್ಳೆಗಳು ಇನ್ನೂ ಏಳುತ್ತಿದ್ದವು.

ಗೋರಖನಾಥ ತಲೆಯಾಡಿಸಿದ. ಹೊಸ ಉಂಡೆ ಮಾಡಿ ಗಾಳಕ್ಕೆ ಸಿಕ್ಕಿಸಿ ಕೊಟ್ಟ. ಖಾಜಾ ಮಿಯಾ ಗಳ ಚಾಚಿದ. ಅವನ ಪಕ್ಕದಲ್ಲಿ, ಮೀನು ಓಡಿಹೋಗದಿರಲೆಂದು ಟವೆಲ್ಲನ್ನು ಬಾಯಿಗೆ ತುರುಕಿಕೊಂಡು, ಗೋರಖನಾಥ ಸದ್ದಿಲ್ಲದೆ ಅಳುತ್ತ ಕೂತ.